ಮಾಟುಂಗಾದ ಅಂಗಡಿಗೂ ವೈರಲ್ ಜಾಹೀರಾತು: ಟ್ರೆಂಡ್ ಹಿಡಿಯುವುದು ಹೇಗೆ, ಬಿಡುವುದು ಯಾವಾಗ

ವೈರಲ್ ಆಗಬೇಕು ಎಂದು ಹೊರಡುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳಿ. ನಿಮ್ಮ ವಿಡಿಯೊವನ್ನು ಯಾರು ಯಾರಿಗೆ ಕಳಿಸಬೇಕು? "ಎಲ್ಲರೂ ಎಲ್ಲರಿಗೂ" ಅಂದರೆ ಅದು ಉತ್ತರ ಅಲ್ಲ. ಮುಂಬೈಯ ಕಿಂಗ್ಸ್ ಸರ್ಕಲ್ ಹತ್ತಿರ ತಿಂಡಿ ಹೋಟೆಲ್ ನಡೆಸುವವರ ರೀಲನ್ನು ಗುವಾಹಟಿಯಲ್ಲಿ ಲಕ್ಷ ಜನ ನೋಡಿದರೂ ಇಲ್ಲಿ ಒಂದು ಪ್ಲೇಟ್ ಇಡ್ಲಿ ಜಾಸ್ತಿ ಹೋಗುವುದಿಲ್ಲ. ಅದೇ ರೀಲನ್ನು ಸಯನ್, ವಡಾಲಾ, ದಾದರ್ ಕಡೆಯ ಇನ್ನೂರು ಜನ ತಮ್ಮ ಮನೆಯವರಿಗೆ "ಭಾನುವಾರ ಇಲ್ಲಿಗೆ ಹೋಗೋಣ್ವಾ?" ಎಂದು ಕಳಿಸಿದರೆ, ಭಾನುವಾರ ಬೆಳಗ್ಗೆ ಬಾಗಿಲಲ್ಲಿ ಸಾಲು ನಿಂತಿರುತ್ತದೆ. ಸಣ್ಣ ವ್ಯಾಪಾರಕ್ಕೆ ಬೇಕಾದ ವೈರಲ್ ಇದು.

ಮುಂಬೈಯಲ್ಲಿರುವ ನಮ್ಮ ಕರ್ನಾಟಕದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಉಡುಪಿ ಹೋಟೆಲಿನವರು, ಡೊಂಬಿವಲಿಯ ಮನೆಯಲ್ಲೇ ಹಪ್ಪಳ, ಚಟ್ನಿಪುಡಿ ಮಾಡಿ ಮಾರುವ ಅಕ್ಕಂದಿರು, ಕೇಟರಿಂಗ್‌ನವರು, ಟೈಲರ್‌ಗಳು, ಯಕ್ಷಗಾನ ಆಡಿಸುವ ಸಂಘದವರು. ತಿಂಗಳಿಗೆ ಇಷ್ಟು ರೀಲ್ಸ್ ಎಂದು ಪ್ಯಾಕೇಜ್ ಮಾರುವವರು ಈಗ ಬೀದಿಗೊಬ್ಬರಿದ್ದಾರೆ. ಅವರ ಕೈಗೆ ದುಡ್ಡು ಕೊಡುವ ಮೊದಲು ಮಗನ ಹಳೇ ಫೋನ್ ಹಿಡಿದು ನೀವೇ ಒಂದು ಮಾಡಿ ನೋಡಿ. ನಿಮ್ಮ ಅಂಗಡಿಯಲ್ಲಿ ಏನಿದೆ ಎಂದು ನಿಮ್ಮಷ್ಟು ಗೊತ್ತಿರುವವರು ಬೇರೆ ಯಾರೂ ಇಲ್ಲ.

ಮೊದಲು: ಕಳಿಸುವವರಿಗೆ ಏನು ಸಿಗುತ್ತದೆ?

ಇನ್‌ಸ್ಟಾಗ್ರಾಮ್ ಮುಖ್ಯಸ್ಥ ಆಡಮ್ ಮೊಸ್ಸೆರಿ 2025ರ ಜನವರಿಯಲ್ಲಿ ಒಂದು ಮಾತು ಹೇಳಿದರು. ವಿಡಿಯೊವನ್ನು ಎಷ್ಟು ಜನರಿಗೆ ತೋರಿಸಬೇಕು ಎಂದು ಅವರ ವ್ಯವಸ್ಥೆ ತೀರ್ಮಾನಿಸುವಾಗ ಮುಖ್ಯವಾಗಿ ನೋಡುವುದು ಮೂರನ್ನು: ಜನ ಎಷ್ಟು ಹೊತ್ತು ನೋಡಿದರು, ಎಷ್ಟು ಜನ ಲೈಕ್ ಒತ್ತಿದರು, ಎಷ್ಟು ಜನ ಇನ್ನೊಬ್ಬರಿಗೆ ಕಳಿಸಿದರು. ಹೊಸಬರ ಮೊಬೈಲಿಗೆ ತಲುಪುವುದಕ್ಕೆ ಮೂರನೆಯದು ಹೆಚ್ಚು ಕೆಲಸಕ್ಕೆ ಬರುತ್ತದೆ ಎಂದೂ ಹೇಳಿದರು. ಲೈಕ್ ಎಣಿಸುತ್ತಾ ಕೂರುವ ನಮಗೆ ಇದು ದೊಡ್ಡ ಸುಳಿವು.

ಜನ ಯಾಕೆ ಕಳಿಸುತ್ತಾರೆ? ನಿಮ್ಮ ಅಂಗಡಿಗೆ ಉಪಕಾರ ಮಾಡಲು ಅಲ್ಲ. "ನೋಡು, ಇದು ನಮ್ಮೂರಿನದು" ಎಂದು ಹೇಳಿಕೊಳ್ಳಲು ಕಳಿಸುತ್ತಾರೆ. "ಇದು ನಿನ್ನ ಕಥೆಯೇ" ಎಂದು ಸ್ನೇಹಿತನ ಕಾಲೆಳೆಯಲು ಕಳಿಸುತ್ತಾರೆ. ಉಪಯೋಗಕ್ಕೆ ಬರುತ್ತದೆ ಎಂದು ಕಳಿಸುತ್ತಾರೆ. ಜೊತೆಗೆ ಹೋಗೋಣ ಎಂದು ಕರೆಯಲು ಕಳಿಸುತ್ತಾರೆ. ನಿಮ್ಮ ಐಡಿಯಾ ಈ ನಾಲ್ಕರಲ್ಲಿ ಯಾವುದು? ಒಂದೂ ಅಲ್ಲ ಅಂದರೆ ಅದು ಬರೀ ಬೋರ್ಡ್. ಬೋರ್ಡನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಒಂದು ಉದಾಹರಣೆ. "ನಮ್ಮಲ್ಲಿ ರುಚಿಯಾದ ಬನ್ಸ್ ಸಿಗುತ್ತದೆ" ಎಂದರೆ ಬೋರ್ಡ್. "ಮಂಗಳೂರು ಬನ್ಸ್‌ಗೆ ಬಾಳೆಹಣ್ಣು ಎಷ್ಟು ಹಣ್ಣಾಗಿರಬೇಕು?" ಎಂದು ಕೇಳಿ, ಸಿಪ್ಪೆ ಕಪ್ಪಾದ ಹಣ್ಣನ್ನೇ ತೋರಿಸಿ, ಹಿಟ್ಟು ಕಲಸಿ, ಎಣ್ಣೆಯಲ್ಲಿ ಬನ್ಸ್ ಉಬ್ಬುವುದನ್ನು ತೋರಿಸಿದರೆ ಅದು ಕಳಿಸುವ ವಸ್ತು. ಮುಲುಂಡಿನ ಸೊಸೆ ಕಾರ್ಕಳದ ಅತ್ತೆಗೆ ಕಳಿಸುತ್ತಾಳೆ. ಅತ್ತೆ ಅದಕ್ಕೆ ತಪ್ಪು ಹುಡುಕಿ ಇನ್ನೂ ನಾಲ್ಕು ಜನರಿಗೆ ಕಳಿಸುತ್ತಾರೆ. ತಪ್ಪು ಹುಡುಕಲಿ, ಒಳ್ಳೆಯದೇ. ಕಾಮೆಂಟಿನಲ್ಲಿ ವಾದ ನಡೆದಷ್ಟು ವಿಡಿಯೊ ಓಡುತ್ತದೆ.

ಟ್ರೆಂಡ್ ಹುಡುಕುವುದು

2020ರ ಜೂನ್ 29ಕ್ಕೆ ಭಾರತದಲ್ಲಿ ಟಿಕ್‌ಟಾಕ್ ನಿಷೇಧವಾಯಿತು. ಕೆಲವೇ ದಿನಗಳಲ್ಲಿ, ಜುಲೈಯಲ್ಲಿ, ಇನ್‌ಸ್ಟಾಗ್ರಾಮ್ ಇಲ್ಲಿ ರೀಲ್ಸ್ ತಂದಿತು. ಅಲ್ಲಿಂದ ಈಚೆಗೆ ಟ್ರೆಂಡ್ ಅಂದರೆ ಹೆಚ್ಚಾಗಿ ಒಂದು ಆಡಿಯೊ: ಒಂದು ಹಾಡಿನ ತುಣುಕು, ಇಲ್ಲವೇ ಯಾರೋ ಆಡಿದ ಒಂದು ಮಾತು.

ರೀಲ್ ನೋಡುವಾಗ ಕೆಳಗೆ ಆಡಿಯೊ ಹೆಸರಿನ ಪಕ್ಕ ಮೇಲಕ್ಕೆ ಹೋಗುವ ಸಣ್ಣ ಬಾಣದ ಗುರುತು ಕಾಣಿಸಿದರೆ ಅದು ಈಗ ಏರುತ್ತಿದೆ ಎಂದು ಅರ್ಥ. ಅದನ್ನು ಒತ್ತಿದರೆ ಎಷ್ಟು ರೀಲ್‌ಗಳಲ್ಲಿ ಅದನ್ನು ಬಳಸಿದ್ದಾರೆ ಎಂದು ಬರುತ್ತದೆ. ಸಂಖ್ಯೆ ಇನ್ನೂ ಸಾವಿರಗಳಲ್ಲಿ ಇದ್ದರೆ ನಿಮಗೆ ಜಾಗ ಇದೆ. ಲಕ್ಷಗಟ್ಟಲೆ ದಾಟಿದ್ದರೆ, ದೊಡ್ಡ ಬ್ಯಾಂಕಿನವರೂ ವಿಮಾ ಕಂಪನಿಯವರೂ ಅದನ್ನು ಮಾಡಿ ಮುಗಿಸಿದ್ದರೆ, ಸುಮ್ನೆ ಬಿಟ್ಟುಬಿಡಿ.

2023ರ ಅಕ್ಟೋಬರ್ ನೆನಪಿದೆಯಾ? ದೆಹಲಿಯ ಒಬ್ಬ ಬಟ್ಟೆ ವ್ಯಾಪಾರಿ ಹೆಂಗಸು ಲೈವ್‌ನಲ್ಲಿ ಚೂಡಿದಾರ್ ತೋರಿಸುತ್ತಾ "ಸೋ ಬ್ಯೂಟಿಫುಲ್, ಸೋ ಎಲಿಗೆಂಟ್, ಜಸ್ಟ್ ಲುಕಿಂಗ್ ಲೈಕ್ ಎ ವಾವ್" ಎಂದದ್ದು ದೇಶವೆಲ್ಲಾ ಹಬ್ಬಿತು. ಸಿನಿಮಾ ನಟಿಯರೂ ಅದಕ್ಕೆ ಬಾಯಿ ಆಡಿಸಿದರು. ಅದನ್ನು ನಕಲು ಮಾಡಿದ ಅಂಗಡಿಗಳಲ್ಲಿ ಎಷ್ಟರ ಹೆಸರು ನಿಮಗೆ ನೆನಪಿದೆ? ಆಕೆ ಮಾತ್ರ ನೆನಪಿದ್ದಾರೆ. ಅವರು ಯಾವ ಟ್ರೆಂಡಿನ ಹಿಂದೆಯೂ ಹೋಗಿರಲಿಲ್ಲ. ತಮ್ಮ ಸರಕನ್ನು ತಮ್ಮದೇ ರೀತಿಯಲ್ಲಿ, ಬಿಡದೆ, ಖುಷಿಯಿಂದ ತೋರಿಸುತ್ತಿದ್ದರು. ನಿಮ್ಮ ಗಲ್ಲಾದಲ್ಲಿ ಕೂತವರು ದಿನವೂ ಹೇಳುವ ಒಂದು ಮಾತು ಇರಬಹುದು. ಸಪ್ಲೈಯರ್ ಆರ್ಡರ್ ಕೂಗುವ ಒಂದು ಧಾಟಿ ಇರಬಹುದು. ಅದನ್ನು ಮೊದಲು ಗಮನಿಸಿ.

ಇನ್ನೊಂದು ಜಾತಿಯ ಟ್ರೆಂಡ್ ಇದೆ, ನನಗೆ ಅದೇ ಹೆಚ್ಚು ಇಷ್ಟ. ಕ್ಯಾಲೆಂಡರಿನ ಟ್ರೆಂಡ್. ಪ್ರತಿ ವರ್ಷ ಬರುತ್ತದೆ, ಮೊದಲೇ ತಯಾರಿ ಮಾಡಿಕೊಳ್ಳಬಹುದು. ಜೂನ್‌ನ ಮೊದಲ ಮಳೆ. ಗಣೇಶೋತ್ಸವ, ಅದರಲ್ಲೂ ಕಿಂಗ್ಸ್ ಸರ್ಕಲ್‌ನಲ್ಲಿ ಗೌಡ ಸಾರಸ್ವತ ಬ್ರಾಹ್ಮಣ (ಜಿಎಸ್‌ಬಿ) ಸಮಾಜದವರು ಕೂರಿಸುವ ಗಣಪತಿಯ ಐದು ದಿನ. ಆಮೇಲೆ ನವರಾತ್ರಿಯ ಒಂಬತ್ತು ಬಣ್ಣ. ಆ ಒಂಬತ್ತು ದಿನ ಲೋಕಲ್ ಟ್ರೈನಿನ ಲೇಡೀಸ್ ಡಬ್ಬಿಯೆಲ್ಲಾ ಒಂದೇ ಬಣ್ಣ ಅಲ್ವಾ? ಹಸಿರಿನ ದಿನ ಕೊತ್ತಂಬರಿ ಚಟ್ನಿ, ಕೆಂಪಿನ ದಿನ ಬ್ಯಾಡಗಿ ಮೆಣಸಿನ ಚಟ್ನಿ, ಬಿಳಿಯ ದಿನ ನೀರು ದೋಸೆ, ಹಳದಿಯ ದಿನ ನಿಂಬೆ ಚಿತ್ರಾನ್ನ. ಒಂಬತ್ತು ದಿನಕ್ಕೆ ಒಂಬತ್ತು ತಟ್ಟೆ. ಬಣ್ಣಗಳ ಪಟ್ಟಿ ಮೊದಲೇ ಪತ್ರಿಕೆಗಳಲ್ಲಿ ಬರುತ್ತದೆ, ಆ ವಾರದ ಮುಂಚೆ ಒಂದೇ ದಿನ ಕೂತು ಎಲ್ಲ ಶೂಟ್ ಮಾಡಿಟ್ಟುಕೊಳ್ಳಿ. ಸೀರೆಯ ಫೋಟೊ ಹಾಕುವ ಹೆಂಗಸರೇ ನಿಮ್ಮ ತಟ್ಟೆಯನ್ನೂ ಸ್ಟೇಟಸ್‌ಗೆ ಹಾಕುತ್ತಾರೆ.

ತಿರುವು ಎಲ್ಲಿಂದ ತರುವುದು?

ಟ್ರೆಂಡನ್ನು ಹಾಗೇ ನಕಲು ಮಾಡದೆ ನಿಮ್ಮದೇ ಒಂದು ತಿರುವು ಕೊಡಬೇಕು. ಎಲ್ಲರಿಗೂ ಕಷ್ಟವಾಗುವುದು ಇಲ್ಲಿ. ಮುಂಬೈಯಲ್ಲಿ ಇದಕ್ಕೆ ಒಳ್ಳೆಯ ಪಾಠಗಳು ಕಣ್ಣೆದುರೇ ಇವೆ.

ಮೊದಲು ಅಮೂಲ್ ಬೆಣ್ಣೆಯ ಜಾಹೀರಾತಿನ ಹುಡುಗಿಯನ್ನು ತೆಗೆದುಕೊಳ್ಳಿ. 1966ರಲ್ಲಿ ಸಿಲ್ವೆಸ್ಟರ್ ಡಕುನ್ಹಾ ಮತ್ತು ಚಿತ್ರಕಾರ ಯೂಸ್ಟೇಸ್ ಫರ್ನಾಂಡಿಸ್ ಮುಂಬೈಯಲ್ಲಿ ಕೂತು ಹುಟ್ಟಿಸಿದ ಹುಡುಗಿ ಅವಳು. ಇಂಟರ್ನೆಟ್ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಊರಿನ ಸುದ್ದಿಯನ್ನು ಹಿಡಿದು ಹೋರ್ಡಿಂಗ್ ಮೇಲೆ ಹಾಕುತ್ತಿದ್ದರು, ಈಗಲೂ ಹಾಕುತ್ತಾರೆ. ಹೆಚ್ಚಿನವುಗಳಲ್ಲಿ ಮೂರು ಸಂಗತಿ ಇರುತ್ತದೆ. ಎಲ್ಲರಿಗೂ ಗೊತ್ತಿರುವ ಸುದ್ದಿ, ಅದರ ಮೇಲೆ ಒಂದು ಮಾತಿನ ಚಮತ್ಕಾರ, ಮತ್ತು ಬೆಣ್ಣೆ. ಬೆಣ್ಣೆ ತಪ್ಪುವುದು ಅಪರೂಪ. ನಾವು ತಪ್ಪುವುದು ಇಲ್ಲೇ. ಟ್ರೆಂಡಿನ ಹಾಡಿಗೆ ಕುಣಿಯುತ್ತೇವೆ, ದೋಸೆ ಮರೆತುಹೋಗುತ್ತದೆ. ನಿಮ್ಮ ವಿಡಿಯೊದಿಂದ ನಿಮ್ಮ ವಸ್ತುವನ್ನು ತೆಗೆದುಹಾಕಿ ನೋಡಿ. ಆಗಲೂ ವಿಡಿಯೊ ಸರಿಯಾಗಿ ಅರ್ಥವಾದರೆ ಅದು ನಿಮ್ಮ ಜಾಹೀರಾತಲ್ಲ.

ಎರಡನೆಯದು, ಗೊತ್ತಿರುವುದನ್ನು ಉಲ್ಟಾ ಮಾಡುವುದು. 2021ರ ಏಪ್ರಿಲ್‌ನಲ್ಲಿ ಕ್ರೆಡ್ ಎಂಬ ಕ್ರೆಡಿಟ್ ಕಾರ್ಡ್ ಬಿಲ್ ಕಟ್ಟುವ ಆ್ಯಪ್‌ನ ಜಾಹೀರಾತಿನಲ್ಲಿ ರಾಹುಲ್ ದ್ರಾವಿಡ್ ಬೆಂಗಳೂರು ಟ್ರಾಫಿಕ್‌ನಲ್ಲಿ ಸಿಟ್ಟಿಗೆದ್ದು "ಇಂದಿರಾನಗರ್ ಕಾ ಗೂಂಡಾ ಹೂಂ ಮೈ" ಎಂದು ಕೂಗಿದರು. ದ್ರಾವಿಡ್ ಅಂದರೆ ತಾಳ್ಮೆ ಎಂದು ಇಡೀ ದೇಶಕ್ಕೆ ಗೊತ್ತು, ಅದಕ್ಕೇ ಅದು ನಡೆಯಿತು. ನಿಮ್ಮ ಅಂಗಡಿ ಬಗ್ಗೆ ಗಿರಾಕಿಗಳಿಗೆ ಗೊತ್ತಿರುವ ಐದು ಮಾತು ಬರೆಯಿರಿ. ಬೆಳಗ್ಗೆ ಆರಕ್ಕೇ ತೆರೆಯುತ್ತದೆ, ಯಜಮಾನರು ಮಾತು ಕಮ್ಮಿ, ಎರಡನೇ ಸಲ ಸಾಂಬಾರ್ ಕೇಳಿದರೆ ಬೇಡ ಎನ್ನುವುದಿಲ್ಲ, ಹೀಗೆ. ಈಗ ಒಂದೊಂದನ್ನೂ ತಿರುಗಿಸಿ. ಮಾತು ಕಮ್ಮಿ ಇರುವ ಯಜಮಾನರು ಕ್ರಿಕೆಟ್ ಕಾಮೆಂಟರಿ ಧಾಟಿಯಲ್ಲಿ ದೋಸೆ ಹುಯ್ಯುವುದನ್ನು ವರ್ಣಿಸಿದರೆ? ಗಿರಾಕಿಗಳು ನಂಬುವುದಿಲ್ಲ. ನಂಬದೇ ಇನ್ನೊಬ್ಬರಿಗೆ ತೋರಿಸುತ್ತಾರೆ.

ಮೂರನೆಯದು ಮುಂಬೈ ಪೊಲೀಸರದ್ದು. 2020ರ ಜನವರಿ ಕೊನೆಗೆ ಅವರು ಒಂದು ವಿಡಿಯೊ ಬಿಟ್ಟರು. ಸಿಎಸ್‌ಎಂಟಿ ಸ್ಟೇಷನ್, ಮರೀನ್ ಡ್ರೈವ್‌ನಂಥ ಕಡೆ ಸಿಗ್ನಲ್‌ಗೆ ಶಬ್ದ ಅಳೆಯುವ ಮೀಟರ್ ಜೋಡಿಸಿದ್ದರು. ಹಾರ್ನ್ ಸದ್ದು 85 ಡೆಸಿಬಲ್ ದಾಟಿದರೆ ಕೆಂಪು ದೀಪದ ಎಣಿಕೆ ಮತ್ತೆ ಮೊದಲಿನಿಂದ ಶುರು. ಹೆಚ್ಚು ಹಾರ್ನ್ ಹೊಡೆದರೆ ಹೆಚ್ಚು ಕಾಯಿರಿ. ಉಪದೇಶ ಮಾಡಲಿಲ್ಲ, ರಸ್ತೆಯಲ್ಲಿ ಒಂದು ಕೆಲಸ ಮಾಡಿ ಅದನ್ನು ಚಿತ್ರಿಸಿದರು. ಅಂಗಡಿಯಲ್ಲೂ ಹೀಗೆ ಏನಾದರೂ ನಿಜವಾಗಿ ಮಾಡಿ ತೋರಿಸಬಹುದು. ಸ್ಟೀಲ್ ಡಬ್ಬಿ ತಂದವರಿಗೆ ಪಾರ್ಸೆಲ್ ಖರ್ಚು ಇಲ್ಲ ಎಂದು ಮಾಡಿ. ಜನ ತರುವ ಬಗೆಬಗೆಯ ಡಬ್ಬಿಗಳನ್ನು ಒಂದು ವಾರ ಚಿತ್ರಿಸಿ. ಅಜ್ಜಿ ಕಾಲದ ಪಿತ್ತಾಳೆ ಕ್ಯಾರಿಯರ್ ಬಂದರೆ ಅದೇ ಒಂದು ರೀಲ್.

ನಾಲ್ಕನೆಯದು ನನಗೆ ಬಹಳ ಹಿಡಿಸಿದ್ದು. 2021ರ ದೀಪಾವಳಿಗೆ ಕ್ಯಾಡ್‌ಬರಿ ಒಂದು ಜಾಹೀರಾತು ಮಾಡಿತು. ಅದರಲ್ಲಿ ಶಾರುಖ್ ಖಾನ್ ಸಣ್ಣ ಅಂಗಡಿಗಳ ಹೆಸರು ಹೇಳಿ ಅಲ್ಲಿಂದ ಕೊಳ್ಳಿ ಎನ್ನುತ್ತಾರೆ. ಕೃತಕ ಬುದ್ಧಿಮತ್ತೆಯಿಂದ ಅವರ ಮುಖ, ದನಿಯನ್ನು ಹೊಂದಿಸಿ, ಯಾವ ಅಂಗಡಿಯವರಾದರೂ ತಮ್ಮ ಹೆಸರಿನ ಜಾಹೀರಾತು ಮಾಡಿಕೊಳ್ಳುವ ಹಾಗೆ ಮಾಡಿದ್ದರು. ಶಾರುಖ್ ಬಾಯಲ್ಲಿ ತನ್ನ ಅಂಗಡಿ ಹೆಸರು ಬಂದರೆ ಯಾರು ತಾನೇ ಹತ್ತು ಜನರಿಗೆ ಕಳಿಸುವುದಿಲ್ಲ? ನಮಗೆ ಶಾರುಖ್ ಬೇಡ. ಮಾಟುಂಗಾ ಮಾರ್ಕೆಟ್‌ನಲ್ಲಿ ನಿಮಗೆ ಬಾಳೆಎಲೆ ಕೊಡುವವರು, ದಿನವೂ ದೇವರ ಫೋಟೊಗೆ ಮಲ್ಲಿಗೆ ಕೊಡುವ ಹೂವಿನವರು, ಕಾಫಿಪುಡಿ ಹುರಿದು ಕೊಡುವವರು ಇದ್ದಾರೆ. ಅವರ ಮೇಲೆ ಒಂದೊಂದು ವಿಡಿಯೊ ಮಾಡಿ. ಅವರ ಮಕ್ಕಳು, ಅವರ ಊರಿನವರು, ಅವರ ಗಿರಾಕಿಗಳು ಹಂಚುತ್ತಾರೆ. ಇನ್ನೊಬ್ಬರನ್ನು ಮನಸಾರೆ ಮುಂದೆ ನಿಲ್ಲಿಸಿದ ಅಂಗಡಿಯ ಹೆಸರು ತಾನಾಗಿ ಓಡುತ್ತದೆ.

ಶೂಟಿಂಗ್: ಒಂದು ನೀರು ದೋಸೆ, ಹನ್ನೆರಡು ಸೆಕೆಂಡ್

ಮೊದಲ ಕೆಲಸ, ಫೋನಿನ ಕ್ಯಾಮೆರಾ ಗಾಜು ಒರೆಸುವುದು. ಅಡುಗೆಮನೆಯಲ್ಲಿ ಓಡಾಡುವ ಫೋನಿನ ಮೇಲೆ ಎಣ್ಣೆ ಪದರ ಇದ್ದೇ ಇರುತ್ತದೆ. ಹತ್ತಿ ಬಟ್ಟೆಯಿಂದ ಒರೆಸಿದ ಮೇಲೆ ನೋಡಿ, ಅರ್ಧ ಮಂಜು ಹೋಗಿರುತ್ತದೆ.

ಫೋನನ್ನು ನೆಟ್ಟಗೆ ಹಿಡಿಯಿರಿ. ಮೇಲಿನಿಂದ ಬೇಡ. ಕಾವಲಿಯ ಮಟ್ಟಕ್ಕೆ ಇಳಿಸಿ, ಪಕ್ಕದಿಂದ ನೋಡಿ. ಹಿಂದೆ ಕತ್ತಲೆ ಇರಲಿ, ಬೆಳಕು ಕಿಟಕಿಯಿಂದ ಹಿಂಬದಿಗೋ ಪಕ್ಕಕ್ಕೋ ಬೀಳಲಿ. ಹಬೆ ಕಾಣುವುದು ಆಗ ಮಾತ್ರ. ಎದುರಿನಿಂದ ಬೆಳಕು ಬಿದ್ದರೆ ಹಬೆ ಮಾಯ. ಎಕ್ಸಾಸ್ಟ್ ಫ್ಯಾನ್ ಅರ್ಧ ನಿಮಿಷ ನಿಲ್ಲಿಸಿ. ತೆಳು ಹಿಟ್ಟು ಕಾದ ಕಾವಲಿಗೆ ಬಿದ್ದಾಗ ಬರುವ ಚುಂಯ್ ಸದ್ದು ಯಾವ ಹಾಡಿಗಿಂತಲೂ ಒಳ್ಳೆಯದು.

ಈಗ ಕ್ರಮ ಬದಲಾಯಿಸಿ. ಹಿಟ್ಟು ಹುಯ್ಯುವುದರಿಂದ ಶುರು ಮಾಡಬೇಡಿ. ಮುಚ್ಚಳ ಎತ್ತುವ ಕ್ಷಣದಿಂದ ಶುರು ಮಾಡಿ. ಹಬೆ ಎದ್ದು, ಬಿಳಿ ಜಾಲರಿ ಕಂಡು, ಭಟ್ಟರ ಬೆರಳು ಅಂಚನ್ನು ಎತ್ತಿ ಮಡಚಬೇಕು. ಇದು ಮೊದಲ ಮೂರು ಸೆಕೆಂಡ್. ನೋಡುವವರ ಬೆರಳು ಮುಂದಿನ ರೀಲಿಗೆ ಸರಿಯುವುದೋ ನಿಲ್ಲುವುದೋ ಇಲ್ಲೇ ತೀರ್ಮಾನ. ಒಂದೇ ಸಲಕ್ಕೆ ಸರಿ ಬರುವುದಿಲ್ಲ. "ಭಟ್ರೇ, ಇನ್ನೊಂದು ಸಲ ನಿಧಾನ ಎತ್ತಿ" ಎಂದು ಕೇಳಿಕೊಳ್ಳಿ, ಬೆಳಗಿನ ರಶ್ ಮುಗಿದ ಮೇಲೆ, ಅವರು ಟೀ ಕುಡಿದ ಮೇಲೆ. ಆಮೇಲೆ ಹಿಟ್ಟು, ಕಾವಲಿ, ತಟ್ಟೆ, ಕಾಯಿ ಬೆಲ್ಲ. ಕೊನೆಯಲ್ಲಿ ಅಂಗಡಿ ಹೆಸರು, ಹತ್ತಿರದ ಸ್ಟೇಷನ್, ಎಷ್ಟು ಗಂಟೆವರೆಗೆ ಸಿಗುತ್ತದೆ.

ಟ್ಯೂಬ್‌ಲೈಟ್ ಕೆಳಗೆ ಕೆಲವು ಫೋನುಗಳಲ್ಲಿ ಪಟ್ಟೆಗಳು ಓಡುತ್ತವೆ. ನಮ್ಮ ಕರೆಂಟ್ 50 ಹರ್ಟ್ಸ್. ಫೋನಿನ ಕ್ಯಾಮೆರಾದಲ್ಲಿ ಪ್ರೊ ಮೋಡ್ ಇದ್ದರೆ ಶಟರ್ ವೇಗವನ್ನು 1/50 ಅಥವಾ 1/100 ಸೆಕೆಂಡಿಗೆ ಇಡಿ, ಪಟ್ಟೆ ಹೋಗುತ್ತದೆ.

ಅಕ್ಷರ ಹಾಕುವುದನ್ನು ಮರೆಯಬೇಡಿ. ಮುಂಬೈಯ ಜನ ವಿಡಿಯೊ ನೋಡುವುದು ಲೋಕಲ್‌ನಲ್ಲಿ ನೇತಾಡಿಕೊಂಡು, ಸದ್ದಿಲ್ಲದೆ. ಅಕ್ಷರ ದೊಡ್ಡದಿರಲಿ, ನಡುವಿಗಿರಲಿ. ಕೆಳಗಿನ ಭಾಗವನ್ನು ಹೆಸರು, ಕ್ಯಾಪ್ಷನ್ ಮುಚ್ಚುತ್ತವೆ, ಬಲಗಡೆ ಬಟನ್‌ಗಳಿರುತ್ತವೆ. ಭಾಷೆ ಯಾವುದು? ಮಾತು ಕನ್ನಡದಲ್ಲೋ ತುಳುವಿನಲ್ಲೋ ಕುಂದಾಪ್ರ ಕನ್ನಡದಲ್ಲೋ ಇರಲಿ, ನಿಮ್ಮ ಬಾಯಿಗೆ ಸಲೀಸಾದದ್ದು. ಅಕ್ಷರ ಮರಾಠಿಯಲ್ಲೋ ಹಿಂದಿಯಲ್ಲೋ ಇರಲಿ. ಮರಾಠಿ ಗಿರಾಕಿಗೆ ಅರ್ಥವೂ ಆಗುತ್ತದೆ, ಈ ದನಿ ಎಲ್ಲಿಯದು ಎಂಬ ಕುತೂಹಲವೂ ಹುಟ್ಟುತ್ತದೆ. ನಮ್ಮವರಿಗಂತೂ ಆ ದನಿ ಕೇಳಿದರೆ ಸಾಕು, ಕಳಿಸದೇ ಇರಲಾರರು.

ಹಾಕುವುದು, ಹಂಚುವುದು

ಹಾಕುವಾಗ ಜಾಗದ ಹೆಸರು ಸೇರಿಸಿ. ಹೂವಿನವರ ಮೇಲೆ ಮಾಡಿದ್ದರೆ, ಅವರಿಗೆ ಅಕೌಂಟ್ ಇದ್ದರೆ, ಕೊಲ್ಯಾಬ್ ಆಯ್ಕೆಯಲ್ಲಿ ಅವರನ್ನೂ ಸೇರಿಸಿ. ಇಬ್ಬರ ಕಡೆಯೂ ಕಾಣುತ್ತದೆ. ಅದಕ್ಕೂ ಮೊದಲು ಗೂಗಲ್ ಮ್ಯಾಪ್‌ನಲ್ಲಿ ನಿಮ್ಮ ಅಂಗಡಿಯ ಸಮಯ, ರಜೆ, ಫೋನ್ ನಂಬರ್ ಸರಿ ಇದೆಯಾ ನೋಡಿ. ವಿಡಿಯೊ ನೋಡಿ ಕಲ್ಯಾಣದಿಂದ ಬಂದವರಿಗೆ ಸೋಮವಾರ ಬಾಗಿಲು ಹಾಕಿದ್ದು ಕಂಡರೆ ಮತ್ತೆ ಬರುವುದಿಲ್ಲ.

ವಾಟ್ಸಾಪ್ ನಮ್ಮವರ ದೊಡ್ಡ ಶಕ್ತಿ. ಸ್ಟೇಟಸ್ ಇರುವುದು 24 ಗಂಟೆ. ಹಾಗಾಗಿ ಶುಕ್ರವಾರ ಸಂಜೆ ಹಾಕಿದರೆ ವಾರಾಂತ್ಯದ ಯೋಚನೆಗೆ ಸಿಗುತ್ತದೆ. ಸಂಘದ ಗುಂಪು, ಊರಿನ ಗುಂಪು, ಶಾಲೆಯ ಗುಂಪು ಎಲ್ಲದರಲ್ಲೂ ನಾವಿರುತ್ತೇವೆ. ಹಾಗೆಂದು ಎಲ್ಲದಕ್ಕೂ ಎಸೆಯಬಾರದು. ಅಡ್ಮಿನ್‌ಗೆ ಒಂದು ಮಾತು ಕೇಳಿ, ಯಾಕೆ ಹಾಕುತ್ತಿದ್ದೀರಿ ಎಂದು ಎರಡು ಸಾಲು ಬರೆದು ಹಾಕಿ. ದಿನವೂ ಹಾಕುವವರ ಮೆಸೇಜ್ ಯಾರೂ ತೆರೆಯುವುದಿಲ್ಲ.

ದುಡ್ಡು ಕೊಟ್ಟು ಹೆಚ್ಚು ಜನರಿಗೆ ತೋರಿಸುವ ಬೂಸ್ಟ್ ಮಾಡುವುದಾದರೆ ಒಂದು ನಿಯಮ: ತಾನಾಗಿ ಓಡಿದ ರೀಲಿಗೆ ಮಾತ್ರ ದುಡ್ಡು ಹಾಕಿ, ಓಡದ್ದಕ್ಕೆ ಬೇಡ. ಅಂಗಡಿಯ ಸುತ್ತ ಇಷ್ಟೇ ಕಿಲೋಮೀಟರ್ ಎಂದು ಆರಿಸಿಕೊಳ್ಳಲು ಅವಕಾಶ ಇದೆ. ಸಣ್ಣ ವೃತ್ತ ಸಾಕು.

ಇಲ್ಲಿ ಎಚ್ಚರ

ಬಿಸಿನೆಸ್ ಅಕೌಂಟಿಗೆ ಎಲ್ಲ ಹಾಡು ಸಿಗುವುದಿಲ್ಲ, ಕಾರಣ ಹಾಡಿನ ಕೃತಿಸ್ವಾಮ್ಯದ ಹಕ್ಕು. ಪರ್ಸನಲ್ ಅಕೌಂಟಿನಿಂದ ಸಿನಿಮಾ ಹಾಡು ಹಾಕಿ ಸರಕು ಮಾರುವುದು ಸರಿಯಾದ ದಾರಿ ಅಲ್ಲ. ಇನ್‌ಸ್ಟಾಗ್ರಾಮ್‌ನ ಒಡೆಯರಾದ ಮೆಟಾ ಕಂಪನಿಯವರದ್ದೇ ಉಚಿತ ಸೌಂಡ್ ಕಲೆಕ್ಷನ್ ಇದೆ, ಅದನ್ನು ಬಳಸಿ. ಇಲ್ಲವೇ ಸಂಘದ ಚೆಂಡೆ ಬಾರಿಸುವ ಹುಡುಗನನ್ನು ಕೇಳಿ.

ಸ್ಟಾರ್‌ಗಳ ಮುಖ ಬೇಡ. 2021ರಲ್ಲಿ ಟೋಕಿಯೊದಲ್ಲಿ ಪಿ.ವಿ. ಸಿಂಧು ಕಂಚು ಗೆದ್ದಾಗ ಎಷ್ಟೋ ಬ್ರ್ಯಾಂಡ್‌ಗಳು ಅಭಿನಂದನೆಯ ನೆಪದಲ್ಲಿ ಅವರ ಹೆಸರು, ಫೋಟೊ ಬಳಸಿದವು. ಅವರ ಪರವಾಗಿ ಕೆಲಸ ಮಾಡುವ ಸಂಸ್ಥೆ ಕಾನೂನು ಕ್ರಮಕ್ಕೆ ಇಳಿಯಿತು. ದನಿಯ ನಕಲಿಗೂ ಇದೇ ಮಾತು. 2024ರ ಜುಲೈಯಲ್ಲಿ ಗಾಯಕ ಅರಿಜಿತ್ ಸಿಂಗ್ ಅವರ ದನಿಯನ್ನು ಕೃತಕ ಬುದ್ಧಿಮತ್ತೆಯಿಂದ ನಕಲು ಮಾಡುವುದರ ವಿರುದ್ಧ ಬಾಂಬೆ ಹೈಕೋರ್ಟ್ ಅವರಿಗೆ ರಕ್ಷಣೆ ಕೊಟ್ಟಿತು. ಕ್ಯಾಡ್‌ಬರಿಯವರು ಶಾರುಖ್ ಒಪ್ಪಿಗೆ ಪಡೆದು ಮಾಡಿದ್ದರು ಎಂಬುದು ನೆನಪಿರಲಿ.

ಫುಡ್ ವ್ಲಾಗರ್‌ಗೆ ಫ್ರೀ ಊಟ ಕೊಟ್ಟು ವಿಡಿಯೊ ಮಾಡಿಸಿದರೆ ಅದೂ ಜಾಹೀರಾತೇ. ಜಾಹೀರಾತುಗಳ ಮೇಲೆ ಕಣ್ಣಿಡುವ ಆಸ್ಕಿ ಸಂಸ್ಥೆ 2021ರಲ್ಲೇ ಇದಕ್ಕೆ ನಿಯಮ ಮಾಡಿದೆ. ಎದ್ದು ಕಾಣುವ ಹಾಗೆ ಜಾಹೀರಾತು ಎಂದು ಗುರುತು ಹಾಕಬೇಕು. ಸುಳ್ಳು ಜಾಹೀರಾತಿಗೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೆ ದಂಡ ಇದೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ.

ಮನೆಯಲ್ಲಿ ಕಷಾಯದ ಪುಡಿ, ಚಟ್ನಿಪುಡಿ ಮಾಡುವ ಅಕ್ಕಂದಿರೇ, "ಶುಗರ್ ವಾಸಿಯಾಗುತ್ತದೆ" ಎಂದು ಯಾವತ್ತೂ ಹಾಕಬೇಡಿ. ಡಯಾಬಿಟಿಸ್ ಗುಣಪಡಿಸುತ್ತೇವೆ ಎಂದು ಜಾಹೀರಾತು ಮಾಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಯಾರಾದರೂ ಅದನ್ನು ನಂಬಿ ಮಾತ್ರೆ ಬಿಟ್ಟರೆ? ಅದರ ಬದಲು ಪ್ಯಾಕೆಟ್ ಮೇಲಿನ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರದ) ನಂಬರನ್ನು ವಿಡಿಯೊದಲ್ಲಿ ಹತ್ತಿರದಿಂದ ತೋರಿಸಿ. ಹೊಸ ಗಿರಾಕಿಗೆ ಧೈರ್ಯ ಬರುವುದು ಅದರಿಂದ.

ಜನರನ್ನು ಹೆದರಿಸಿ, ಅಳಿಸಿ ಗಮನ ಸೆಳೆಯುವುದಂತೂ ಬೇಡವೇ ಬೇಡ. 2024ರ ಫೆಬ್ರವರಿಯಲ್ಲಿ ಮುಂಬೈಯ ಒಬ್ಬ ನಟಿ ಗರ್ಭಕಂಠದ ಕ್ಯಾನ್ಸರ್‌ನಿಂದ ತೀರಿಕೊಂಡರು ಎಂದು ಅವರ ಅಕೌಂಟಿನಲ್ಲೇ ಬಂತು. ಮರುದಿನ ಅವರೇ ಬಂದು ಬದುಕಿದ್ದೇನೆ, ಜಾಗೃತಿಗಾಗಿ ಮಾಡಿದೆ ಎಂದರು. ದೇಶವೆಲ್ಲಾ ಮಾತಾಡಿತು, ನಿಜ. ಆ ಕಾಯಿಲೆಯಲ್ಲಿ ತಮ್ಮವರನ್ನು ಕಳೆದುಕೊಂಡವರಿಗೆ ಆದ ನೋವಿಗೆ ಯಾವ ಜಾಗೃತಿಯೂ ಉತ್ತರ ಅಲ್ಲ. ಪ್ರಚಾರ ಮಾಡಿಸಿದ ಏಜೆನ್ಸಿ ಕ್ಷಮೆ ಕೇಳಬೇಕಾಯಿತು.

ಗಿರಾಕಿಗಳ ಮುಖ ಬರುವುದಾದರೆ ಕೇಳಿಯೇ ಶೂಟ್ ಮಾಡಿ. ಸ್ಟೇಷನ್ನಿನಲ್ಲಿ, ರೈಲಿನಲ್ಲಿ ವ್ಯಾಪಾರದ ಶೂಟಿಂಗ್‌ಗೆ ರೈಲ್ವೆ ಅನುಮತಿ ಬೇಕು. ಬಾಗಿಲಲ್ಲಿ ಜೋತುಬಿದ್ದು ರೀಲ್ ಮಾಡುವ ಹುಡುಗರನ್ನು ಕೆಲಸಕ್ಕೆ ಕರೆಯಬೇಡಿ.

ಓಡಿದ ಮೇಲೆ

ಒಂದು ರೀಲ್ ಓಡಿತು ಎಂದಿಟ್ಟುಕೊಳ್ಳಿ. ಆ ದಿನ ರಾತ್ರಿಯೇ ಹಿಟ್ಟಿನ ಲೆಕ್ಕ ಬದಲಾಯಿಸಿ. ವಾರಾಂತ್ಯಕ್ಕೆ ಇನ್ನೊಬ್ಬ ಸಪ್ಲೈಯರ್ ಬೇಕು. ವಿಡಿಯೊದಲ್ಲಿ ತೋರಿಸಿದ ತಿಂಡಿ ಹತ್ತು ಗಂಟೆಗೆ ಖಾಲಿಯಾಗುವುದಾದರೆ, "ಶನಿವಾರ, ಭಾನುವಾರ ಹತ್ತರವರೆಗೆ ಮಾತ್ರ" ಎಂದು ಕಾಮೆಂಟಿನಲ್ಲಿ ಪಿನ್ ಮಾಡಿ. ದಿನವೂ ಬರುವ ಹಳೇ ಗಿರಾಕಿಗೆ ಜಾಗ ಸಿಗದೇ ಹೋಗದ ಹಾಗೆ ನೋಡಿಕೊಳ್ಳಿ. ವಿಡಿಯೊ ನೋಡಿ ಬಂದವರು ಇನ್ನೊಂದು ಟ್ರೆಂಡಿಗೆ ಹೋಗುತ್ತಾರೆ, ಇವರು ನಾಳೆಯೂ ಬರುವವರು.

ಗಲ್ಲಾದ ಪಕ್ಕ ಒಂದು ನೋಟ್‌ಬುಕ್ ಇಡಿ. ಹೊಸ ಮುಖ ಕಂಡರೆ ಬಿಲ್ ಕೊಡುವಾಗ "ಎಲ್ಲಿ ನೋಡಿ ಬಂದ್ರಿ?" ಎಂದು ಕೇಳಿ ಒಂದು ಗೆರೆ ಎಳೆಯಿರಿ. ಇನ್‌ಸ್ಟಾಗ್ರಾಮ್, ವಾಟ್ಸಾಪ್, ಸ್ನೇಹಿತರು, ಸುಮ್ನೆ ದಾರಿಯಲ್ಲಿ ಹೋಗುವಾಗ. ನಾಲ್ಕು ಕಾಲಂ ಸಾಕು. ಜೊತೆಗೆ ರೀಲಿನ ಇನ್‌ಸೈಟ್ಸ್, ಅಂದರೆ ಲೆಕ್ಕದ ಪುಟ, ತೆರೆದು ಎಷ್ಟು ಜನ ಶೇರ್ ಮಾಡಿದರು, ಎಷ್ಟು ಜನ ಸೇವ್ ಮಾಡಿದರು ಎಂದು ಬರೆದುಕೊಳ್ಳಿ. ತಿಂಗಳ ಕೊನೆಗೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಯಾವ ಬಗೆಯ ವಿಡಿಯೊದಿಂದ ಜನ ನಿಜವಾಗಿ ಬಂದರು ಎಂದು ತಿಳಿಯುತ್ತದೆ. ಮುಂದಿನ ತಿಂಗಳು ಆ ಬಗೆಯದನ್ನೇ ಇನ್ನೆರಡು ಮಾಡಿ. ಯಾರಾದರೂ ಕೆಟ್ಟ ಕಾಮೆಂಟ್ ಹಾಕಿದರೆ, "ಚಟ್ನಿ ನೀರು" ಎಂದಿದ್ದರೆ, ಅಳಿಸಬೇಡಿ. ಯಾವ ದಿನ, ಎಷ್ಟು ಹೊತ್ತಿಗೆ ಬಂದಿದ್ದಿರಿ ಎಂದು ಅಲ್ಲೇ ಕೇಳಿ, ಅಡುಗೆಮನೆಗೆ ಹೋಗಿ ವಿಚಾರಿಸಿ, ಉತ್ತರ ಬರೆಯಿರಿ.